ಸಹಾಯ ಬೇಕು: 1972ರ 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಮೂಲ ಕಾಮಿಕ್ಸ್ ಎಲ್ಲಿ ಸಿಗುತ್ತೆ?

ನಮಸ್ಕಾರ ಎಲ್ಲರಿಗೂ. ಹೋದ ವಾರ ಈ ಬ್ರಿಟಿಷ್ ಸಿನಿಮಾ ನೋಡಿದೆ. ಅಮಿಕಸ್ ಅನ್ನೋ ಚಿತ್ರಸಂಸ್ಥೆಯದ್ದು, ಫ್ರೆಡ್ಡಿ ಫ್ರಾನ್ಸಿಸ್ ನಿರ್ದೇಶನ, ಒಟ್ಟು ಐದು ಕಥೆ. ಸಾಂತಾ ವೇಷದ ಕೊಲೆಗಾರ ಜೋನ್ ಕಾಲಿನ್ಸ್ ಮನೆ ಸುತ್ತ ಸುಳಿಯೋ ಕಥೆಯೇ ಜಾಸ್ತಿ ಹೆಸರುವಾಸಿ, ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಪೀಟರ್ ಕುಶಿಂಗ್ ಮಾಡಿದ ಆ ಬಡ ಮುದುಕನ ಪಾತ್ರ. ನೆರೆಯವನು ಕಾಟ ಕೊಟ್ಟು ಕೊಟ್ಟು, ಕೊನೆಗೆ ಪ್ರೇಮಿಗಳ ದಿನಕ್ಕೆ ಕ್ರೂರ ಮಾತು ತುಂಬಿದ ಕಾರ್ಡುಗಳನ್ನು ಕಳಿಸಿ ಅವನು ಆತ್ಮಹತ್ಯೆ ಮಾಡಿಕೊಳ್ಳೋ ಹಾಗೆ ಮಾಡ್ತಾನೆ. ಪಾಪ ಅನ್ನಿಸಿಬಿಡ್ತು.

ಈ ಕಥೆಗಳೆಲ್ಲ 1950ರ ದಶಕದ ಅಮೆರಿಕದ ಇಸಿ ಕಾಮಿಕ್ಸ್‌ನವು. ತಮಾಷೆ ಅಂದ್ರೆ, ಸಿನಿಮಾ ಹೆಸರಿನ ಪತ್ರಿಕೆಯಿಂದ ಬಂದಿರೋದು ಎರಡೇ, ಉಳಿದ ಮೂರು ಅದರ ಜೊತೆಯ ಪತ್ರಿಕೆಗಳಿಂದ. ಅದಕ್ಕೇ ಯಾವ ಸಂಪುಟ ಕೊಳ್ಳಬೇಕು ಅಂತ ತಲೆ ಕೆಟ್ಟಿದೆ. ಕುಶಿಂಗ್ ಕಥೆ ಇರೋ ಮರುಮುದ್ರಣ ಯಾರ ಹತ್ರ ಆದ್ರೂ ಇದೆಯಾ? ಬೆಂಗಳೂರಲ್ಲಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಗಬಹುದಾ?

ಇನ್ನೊಂದು, ಅಮೆರಿಕದ ಬ್ಲೂರೇ ಡಿಸ್ಕ್ ಎ ವಲಯದ್ದು, ನನ್ನ ಪ್ಲೇಯರ್ ಸಿ ವಲಯದ್ದು, ಹಾಗಾಗಿ ಇದರಲ್ಲಿ ಓಡಲ್ಲ. ತರಿಸಿದವರು ಹೇಗೆ ನೋಡಿದ್ರಿ, ಸ್ವಲ್ಪ ಹೇಳಿ.