ಕ್ರಿಸ್ಮಸ್ ರಜೆಗೆ ಮೈಸೂರು: ಚಿಕ್ಕ ಮಕ್ಕಳನ್ನು ಕರೆದುಕೊಂಡು ಏನು ನೋಡಬೇಕು, ಏನು ಬಿಡಬೇಕು?

ದಾವಣಗೆರೆ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 24ರ ಗುರುವಾರ ಬೆಳಿಗ್ಗೆ ಮೈಸೂರಿನಲ್ಲಿ ಇಳಿದು, 27ರ ಭಾನುವಾರ ರಾತ್ರಿಯ ರೈಲಿಗೆ ದಾವಣಗೆರೆಗೆ ಮರಳುವ ಯೋಚನೆ ಇದೆ. ಮಗನಿಗೆ ಏಳು ವರ್ಷ, ಮಗಳಿಗೆ ಮೂರು. ಜೊತೆಗೆ ನಮ್ಮ ಅತ್ತೆಯವರು. ಅವರಿಗೆ ಮಂಡಿನೋವು, ಸಮನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ. ನಮ್ಮ ಬಳಿ ಕಾರಿಲ್ಲ.

ನಮ್ಮ ಯಜಮಾನರು ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದಿದ್ದಾರೆ: ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೆಆರ್‌ಎಸ್, ಶ್ರೀರಂಗಪಟ್ಟಣ, ರಂಗನತಿಟ್ಟು, ನಂಜನಗೂಡು. ಕೊನೆಗೆ ‘ಸಾಧ್ಯವಾದರೆ ಊಟಿ’ ಎಂದೂ ಇದೆ! ಅತ್ತೆಯವರಿಗೆ ಚಾಮುಂಡಿಯ ದರ್ಶನವೊಂದಾದರೆ ಸಾಕು. ಮಗನಿಗೆ ಗೊರಿಲ್ಲಾ ಬೇಕು, ಮತ್ತೆ ಅವನ ಶಾಲೆಯ ಗೆಳೆಯ ಹೇಳಿದ ‘ಎರಡು ಗೋಪುರದ ದೊಡ್ಡ ಚರ್ಚು’ ಬೇಕು. ಮಗಳಿಗೆ ಬೇಕಾದದ್ದು ಮಧ್ಯಾಹ್ನದ ನಿದ್ದೆ. ಅದು ತಪ್ಪಿದರೆ ಸಂಜೆ ಐದರ ಮೇಲೆ ಯಾರಿಗೂ ನೆಮ್ಮದಿ ಇರುವುದಿಲ್ಲ.

24ರ ಮಧ್ಯರಾತ್ರಿಯ ಪೂಜೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ನಾವು ಹಿಂದೂಗಳು, ಒಳಗೆ ಬಿಡುತ್ತಾರಲ್ಲವೇ? ಉಳಿದುಕೊಳ್ಳಲು ಯಾವ ಬಡಾವಣೆ ಅನುಕೂಲ? ಈ ಪಟ್ಟಿಯಲ್ಲಿ ಯಾವುದನ್ನು ಹೊಡೆದುಹಾಕಬಹುದು? ದಯವಿಟ್ಟು ಧೈರ್ಯವಾಗಿ ಹೇಳಿ, ಅವರಿಗೂ ಓದಿಸುತ್ತೇನೆ.

ಲಷ್ಕರ್ ಮೊಹಲ್ಲಾ ಟೀಚರ್:

ಮೊದಲು ಊಟಿ ಹೊಡೆದುಹಾಕಿ. ಆಮೇಲೆ ನಂಜನಗೂಡು. ಈಗ ಮಾತಾಡೋಣ.

ನಾನು ಸೇಂಟ್ ಫಿಲೋಮಿನಾ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರದವಳು, ಅದೇ ಚರ್ಚಿನವಳು. ನಿವೃತ್ತಿಯಾಗುವವರೆಗೆ ಒಂದನೇ ತರಗತಿಗೆ ಪಾಠ ಮಾಡಿದವಳು. ಆದ್ದರಿಂದ ಚರ್ಚಿನ ಬಗ್ಗೆಯೂ ಮಕ್ಕಳ ಬಗ್ಗೆಯೂ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ.

ಒಳಗೆ ಎಲ್ಲರನ್ನೂ ಬಿಡುತ್ತಾರೆ. ಕ್ರಿಸ್ಮಸ್ ದಿನ ಸಾಲಿನಲ್ಲಿ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದವರು ಎಲ್ಲರೂ ಇರುತ್ತಾರೆ. 1933ರಲ್ಲಿ ಇದಕ್ಕೆ ಅಡಿಗಲ್ಲು ಇಟ್ಟವರೇ ನಾಲ್ವಡಿ ಕೃಷ್ಣರಾಜ ಒಡೆಯರು. ಆದರೆ ಮೂರು ವರ್ಷದ ಮಗುವನ್ನು ಮಧ್ಯರಾತ್ರಿಯ ಬಲಿಪೂಜೆಗೆ ಕರೆತರಬೇಡಿ. ರಾತ್ರಿ ಹನ್ನೊಂದರ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಡಿಸೆಂಬರಿನ ಚಳಿ ಬೇರೆ. ನಿದ್ದೆಗೆಟ್ಟ ಮಗು ಮರುದಿನ ಇಡೀ ದಿನದ ಬಡ್ಡಿ ವಸೂಲು ಮಾಡುತ್ತದೆ.

ಬದಲಿಗೆ 24ರ ಸಂಜೆ ಐದೂವರೆಗೆ ಬನ್ನಿ. ಅಶೋಕ ರಸ್ತೆಯಲ್ಲಿ ನಕ್ಷತ್ರದ ಗೂಡುದೀಪಗಳು ಹೊತ್ತಿಕೊಳ್ಳುವ ಹೊತ್ತು ಅದು. ಗೋಪುರಗಳು 175 ಅಡಿ ಎತ್ತರ. ಜರ್ಮನಿಯ ಕಲೋನ್ ನಗರದ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು. ಮಗನನ್ನು ಬುಡದಲ್ಲಿ ನಿಲ್ಲಿಸಿ ಕತ್ತೆತ್ತಲು ಹೇಳಿ, ಎಷ್ಟು ಬಾಗಿದರೂ ತುದಿ ಸಿಗುವುದಿಲ್ಲ. ಆಮೇಲೆ ಗೋದಲಿ ತೋರಿಸಿ: ಹುಲ್ಲು ಹಾಸಿದ ಕೊಟ್ಟಿಗೆ, ಕುರಿ, ಹಸು, ಕತ್ತೆ, ಮರಿಯಮ್ಮ, ಜೋಸೆಫರು, ಕುರುಬರು. ನಡುವಿನ ಮೇವಿನ ತೊಟ್ಟಿ ಮಾತ್ರ ಖಾಲಿ. ಬಾಲಯೇಸುವಿನ ಮೂರ್ತಿಯನ್ನು ಅಲ್ಲಿ ಮಲಗಿಸುವುದು ರಾತ್ರಿಯ ಬಲಿಪೂಜೆಯಲ್ಲಿ. ನಮ್ಮ ಮೊಮ್ಮಗ ಒಮ್ಮೆ ಆ ಖಾಲಿ ಹುಲ್ಲನ್ನು ನೋಡಿ ‘ಪಾಪು ಕಳೆದುಹೋಗಿದೆ’ ಎಂದು ಕಾವಲುಗಾರನ ಹತ್ತಿರ ದೂರು ಕೊಡಲು ಹೊರಟಿದ್ದ. ನಿಮ್ಮ ಮಗನೂ ಕೇಳುತ್ತಾನೆ. ‘ನಾಳೆ ಬರುತ್ತದೆ’ ಎನ್ನಿ. ಶನಿವಾರವೋ ಭಾನುವಾರವೋ ಆ ದಾರಿಯಲ್ಲಿ ಹೋಗುವಾಗ ಹತ್ತು ನಿಮಿಷ ಇಳಿದು ಮತ್ತೆ ತೋರಿಸಿ. ಗೋದಲಿ ಜನವರಿಯ ಮೊದಲ ದಿನಗಳವರೆಗೂ ಇರುತ್ತದೆ. 25ಕ್ಕೇ ನುಗ್ಗಿ ನೋಡಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಪೀಠದ ಕೆಳಗಿನ ನೆಲಮಾಳಿಗೆಗೆ ಇಳಿಯಬೇಡಿ. ಸಂತ ಫಿಲೋಮಿನಾರ ಪ್ರತಿಮೆ ಅಲ್ಲಿದೆ ನಿಜ. ಆದರೆ ಮೆಟ್ಟಿಲು, ಕಿರಿದಾದ ದಾರಿ, ಹಿಂದಿನಿಂದ ತಳ್ಳುವ ಜನ. ನಿಮ್ಮ ಅತ್ತೆಯವರಿಗೂ ಮಗಳಿಗೂ ಅದು ಆಗಿಬರುವುದಿಲ್ಲ.

ಬೆಟ್ಟಕ್ಕೆ ಶುಕ್ರವಾರ ಬೇಡ. ಅಮ್ಮನವರ ವಾರ, ಮೇಲೆ ಸರ್ಕಾರಿ ರಜೆ, ಎರಡೂ ಸೇರಿದರೆ ಸಾಲು ಎಲ್ಲಿ ಮುಗಿಯುತ್ತದೆ ಎಂದು ಹೇಳಲಾಗದು. ಶನಿವಾರ ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ ಮೇಲಿನವರೆಗೂ ಹೋಗುತ್ತದೆ. ಆಧಾರ್ ತೋರಿಸಿದರೆ ನಿಮಗೂ ಅತ್ತೆಯವರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಂದಿ ದಾರಿಯಲ್ಲೇ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಬಸ್ಸಿನ ದಾರಿಯಲ್ಲಿ ಇಲ್ಲ. ಇಳಿಯುವಾಗ ಆಟೊ ಮಾಡಿಕೊಂಡರೆ ನಂದಿಯ ಮುಂದೆಯೇ ನಿಲ್ಲಿಸುತ್ತಾರೆ.

ಅರಮನೆಯನ್ನು ಸಂಜೆಗೆ ಇಟ್ಟುಕೊಳ್ಳಿ. ವರ್ಷದ ಕೊನೆಯ ಈ ದಿನಗಳಲ್ಲಿ ಮಾಗಿ ಉತ್ಸವ ಎಂದು ಅಂಗಳದಲ್ಲಿ ಫಲಪುಷ್ಪ ಪ್ರದರ್ಶನ ಹಾಕುತ್ತಾರೆ, ಏಳು ಗಂಟೆಗೆ ದೀಪ ಹೊತ್ತುತ್ತದೆ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು. ಕತ್ತಲಲ್ಲಿ ನಿಂತ ಜನ ಗುಜುಗುಜು ಎನ್ನುತ್ತಿರುತ್ತಾರೆ, ಎಲ್ಲವೂ ಒಟ್ಟಿಗೆ ಹೊತ್ತಿದ ಕ್ಷಣ ಇಡೀ ಅಂಗಳ ‘ಓ’ ಎನ್ನುತ್ತದೆ. ಮಗಳು ಬೆಚ್ಚಿ ಅಳಬಹುದು, ಮೊದಲೇ ಹೇಳಿ ಎತ್ತಿಕೊಂಡಿರಿ. ಹಗಲಿನಲ್ಲಿ ಒಳಗೆ ಹೋಗಲೇಬೇಕೆಂದು ಯಜಮಾನರು ಹಟ ಹಿಡಿದರೆ ಅವರೂ ಮಗನೂ ಹೋಗಿಬರಲಿ. ಚಪ್ಪಲಿ ಬಿಡುವ ಸಾಲು, ಒಳಗಿನ ಸಾಲು, ಮತ್ತೆ ಚಪ್ಪಲಿ ತೆಗೆದುಕೊಳ್ಳುವ ಸಾಲು. ಬಾಗಿಲ ಹತ್ತಿರದ ಗೊಂಬೆ ತೊಟ್ಟಿ ದಾಟಿದ ಮೇಲೆ ಚಿಕ್ಕವರಿಗೆ ಅಲ್ಲಿ ಆಸಕ್ತಿ ಉಳಿಯುವುದಿಲ್ಲ.

ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಊಟ, ನಿದ್ದೆ. ಇದಕ್ಕಿಂತ ಹೆಚ್ಚು ತುರುಕಬೇಡಿ.

ಎರಡು ಮಕ್ಕಳ ಅಪ್ಪ, ಬೆಂಗಳೂರು:

ಟೀಚರ್ ಹೇಳಿದ್ದಕ್ಕೆಲ್ಲ ನನ್ನ ಸಮ್ಮತಿ ಇದೆ, ಒಂದನ್ನು ಬಿಟ್ಟು. ಕೆಆರ್‌ಎಸ್ ಬಗ್ಗೆ ಅವರು ಏನೂ ಹೇಳಲೇ ಇಲ್ಲ! ಮೈಸೂರಿಗೆ ಹೋಗಿ ಬೃಂದಾವನದ ಕಾರಂಜಿ ನೋಡದೆ ಬರುವುದೇ? ನನ್ನ ಬಾಲ್ಯದ ಮೈಸೂರು ಎಂದರೆ ಅದೇ.

ಇನ್ನು ರೈಲಿನ ವಿಚಾರ. ಐದು ವರ್ಷದೊಳಗಿನ ಮಗಳಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. ಮಗನಿಗೆ ಅರ್ಧ ಟಿಕೆಟ್ ತೆಗೆದರೆ ಬರ್ತ್ ಕೊಡುವುದಿಲ್ಲ, ಬರ್ತ್ ಬೇಕಾದರೆ ಪೂರ್ತಿ ದರ. ರಾತ್ರಿ ಪ್ರಯಾಣ, ಆದ್ದರಿಂದ ಪೂರ್ತಿ ದರ ಕೊಟ್ಟೇ ತೆಗೆಯಿರಿ. ಏಳು ವರ್ಷದ ಹುಡುಗನ ಜೊತೆ ಒಂದೇ ಬರ್ತಿನಲ್ಲಿ ಮಲಗಿದವರಿಗೆ ಗೊತ್ತು, ಒದೆ ಬೀಳುವುದು ಯಾರಿಗೆ ಎಂದು. ಅತ್ತೆಯವರ ವಯಸ್ಸನ್ನು ಸರಿಯಾಗಿ ನಮೂದಿಸಿ ಕೆಳಗಿನ ಬರ್ತ್ ಕೇಳಿ.

ಮಗಳಿಗೆ ರೈಲು ಇಷ್ಟವಾದರೆ ನಿಲ್ದಾಣದ ಹತ್ತಿರವೇ ರೈಲು ವಸ್ತುಸಂಗ್ರಹಾಲಯ ಇದೆ, 1979ರಲ್ಲಿ ಶುರುವಾದದ್ದು. ಹಳೆಯ ಉಗಿ ಎಂಜಿನ್‌ಗಳು, ಮಹಾರಾಣಿಯವರ ಸಲೂನ್ ಬೋಗಿ, ಮಕ್ಕಳನ್ನು ಸುತ್ತು ಹಾಕಿಸುವ ಪುಟಾಣಿ ರೈಲು. ಭಾನುವಾರ ಹೊರಡುವ ಮುನ್ನ ಕಾಲ ಕಳೆಯಲು ಅಚ್ಚುಕಟ್ಟಾದ ಜಾಗ.

ಇಟ್ಟಿಗೆಗೂಡು ನಿವಾಸಿ:

ನಮ್ಮ ಮನೆ ಮೃಗಾಲಯದ ಹಿಂದಿನ ಬೀದಿಯಲ್ಲಿದೆ, ಬೆಳಗಿನ ಜಾವ ಸಿಂಹ ಗರ್ಜಿಸುವುದು ಹಾಸಿಗೆಗೆ ಕೇಳಿಸುತ್ತದೆ. ಆದ್ದರಿಂದ ಆ ಒಂದು ವಿಷಯ ಮಾತ್ರ ಹೇಳುತ್ತೇನೆ.

25ರಂದು ಮೃಗಾಲಯಕ್ಕೆ ಹೋಗಬೇಡಿ. ಆ ದಿನ ನಾವು ಮನೆಯಿಂದ ಸ್ಕೂಟರ್ ಹೊರಗೆ ತೆಗೆಯುವುದಿಲ್ಲ. ಕೇರಳದಲ್ಲಿ ಶಾಲೆಗಳಿಗೆ ಕ್ರಿಸ್ಮಸ್ ರಜೆ, ಅಲ್ಲಿಯ ಕಾರುಗಳು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಬರುವವರು. 24ರ ಗುರುವಾರವೇ ವಾಸಿ. ಶಾಲಾ ಪ್ರವಾಸದ ಬಸ್ಸುಗಳು ಇರುತ್ತವೆ, ಸಮವಸ್ತ್ರದ ಮಕ್ಕಳು ಕೈಕೈ ಹಿಡಿದು ಉದ್ದಕ್ಕೆ ಹೋಗುತ್ತಿರುತ್ತಾರೆ. ಅವರನ್ನು ಮುಂದೆ ಬಿಟ್ಟು ಐದು ನಿಮಿಷ ಕಾದರೆ ದಾರಿ ಖಾಲಿ.

ರೈಲಿಳಿದು ಚೀಲಗಳನ್ನು ಲಾಡ್ಜಿನಲ್ಲಿ ಇಟ್ಟು, ತಿಂಡಿ ಮುಗಿಸಿ ಎಂಟೂವರೆಗೆ ಗೇಟಿನ ಹತ್ತಿರ ಇರಿ. ಟಿಕೆಟನ್ನು ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದಿಡಿ. ಪೂರ್ತಿ ಸುತ್ತಿದರೆ ಸುಮಾರು ಮೂರು ಕಿಲೋಮೀಟರ್ ನಡಿಗೆ. ಅತ್ತೆಯವರಿಗೂ ಮಗಳಿಗೂ ಬ್ಯಾಟರಿ ಗಾಡಿ ಇದೆ. ಅದರ ಟಿಕೆಟ್ ಬೇರೆ, ತಡವಾದರೆ ಸಿಗುವುದಿಲ್ಲ, ಒಳಗೆ ಕಾಲಿಟ್ಟ ಕೂಡಲೇ ಅದನ್ನೇ ವಿಚಾರಿಸಿ. ಜಿರಾಫೆಗಳು ಪ್ರವೇಶದ್ವಾರದಿಂದ ದೂರವಿಲ್ಲ, ಅಲ್ಲಿಯೇ ಅರ್ಧ ಗಂಟೆ ಕಳೆಯಬೇಡಿ. ಮಗನಿಗೆ ಬೇಕಾದ ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದ ಅಣ್ಣತಮ್ಮಂದಿರು, ಥಾಬೊ ಮತ್ತು ಡೆಂಬಾ. ಹಿಂದೆ ಇಲ್ಲಿ ಪೋಲೊ ಎಂಬ ಒಂಟಿ ಗೊರಿಲ್ಲಾ ಇತ್ತು, 2014ರಲ್ಲಿ ತೀರಿಕೊಂಡಿತು. ಮೈಸೂರಿನವರು ಅದನ್ನು ಈಗಲೂ ಹೆಸರು ಹಿಡಿದು ನೆನೆಯುತ್ತಾರೆ. ಈ ಇಬ್ಬರು ಬೆಳಗಿನ ಹೊತ್ತು ಓಡಾಡಿಕೊಂಡಿರುತ್ತಾರೆ, ಬಿಸಿಲೇರಿದ ಮೇಲೆ ಬೆನ್ನು ಮಾತ್ರ ದರ್ಶನ.

ಇನ್ನೊಂದು. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ನಿಮಗೆ ಅಡ್ಡಿಯಿಲ್ಲ, ಆದರೆ ಈ ಚರ್ಚೆ ಓದುವ ಬೇರೆಯವರಿಗೆ ಗೊತ್ತಿರಲಿ. ರಜಾಕಾಲದಲ್ಲಿ ಮಂಗಳವಾರವೂ ತೆರೆಯುವುದುಂಟು, ಆಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ.

ದಾವಣಗೆರೆ ಸೊಸೆ:

ಟೀಚರಮ್ಮ, ನಿಮ್ಮ ಉತ್ತರವನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಈ ಟೀಚರು ಹೇಳಿದಂತೆ ಕೇಳಿ’ ಎಂದು ಅವರ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, ಆಜ್ಞೆಯಾಗಿದೆ. ನಮ್ಮ ಯಜಮಾನರು ಊಟಿ ಬಿಟ್ಟಿದ್ದಾರೆ, ನಂಜನಗೂಡನ್ನೂ ಬಿಟ್ಟಿದ್ದಾರೆ. ಕೆಆರ್‌ಎಸ್‌ಗೆ ಮಾತ್ರ ಬೆಂಗಳೂರಿನ ಅಣ್ಣನವರ ಬೆಂಬಲ ಸಿಕ್ಕಿತೆಂದು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಮತ್ತೆ, 25ರ ದಿನ ಪೂರ್ತಿ ಏನು ಮಾಡುವುದು? ಚರ್ಚಿನಲ್ಲಿ ಕ್ರಿಸ್ಮಸ್ ತಾತ ಇರುತ್ತಾನೆಯೇ ಎಂದು ಮಗ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಾನೆ.

ಲಷ್ಕರ್ ಮೊಹಲ್ಲಾ ಟೀಚರ್:

ಕೆಆರ್‌ಎಸ್ ಬಗ್ಗೆ ಬೇಕೆಂದೇ ಸುಮ್ಮನಿದ್ದೆ, ಜಗಳ ಬೇಡವೆಂದು. ಈಗ ಕೇಳಿ. ಊರಿನಿಂದ ಸುಮಾರು 20 ಕಿಲೋಮೀಟರ್. ಸಂಗೀತ ಕಾರಂಜಿ ಇರುವುದು ತೋಟದ ಆ ತುದಿಯಲ್ಲಿ, ಸೇತುವೆ ದಾಟಿ ನಡೆಯಬೇಕು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೋಡಿ ಮುಗಿಸಿದರೆ ಸಾವಿರಾರು ಜನ ಒಟ್ಟಿಗೆ ಹೊರಗೆ ಬರುತ್ತಾರೆ. ಲಾಡ್ಜ್ ಸೇರುವಾಗ ಎಷ್ಟು ಗಂಟೆಯಾದೀತು ಎಂದು ನಿಮ್ಮ ಯಜಮಾನರೇ ಲೆಕ್ಕ ಹಾಕಲಿ. ಬೆಂಗಳೂರಿನ ಅಪ್ಪನವರು ಬಾಲ್ಯದಲ್ಲಿ ನೋಡಿದಾಗ ಅವರನ್ನು ಹೊತ್ತವರು ಬೇರೆ ಯಾರೋ! ಯಜಮಾನರಿಗೆ ಸಮಾಧಾನವಾಗಲೇಬೇಕಾದರೆ ಭಾನುವಾರ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ರಂಗನತಿಟ್ಟಿಗೆ ಹೋಗಿ ಬನ್ನಿ. ದೋಣಿಯಲ್ಲಿ ಎಲ್ಲರೂ ಕೂತೇ ನೋಡಬಹುದು. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ ಮಗನಿಗೆ ಕಾರಂಜಿಗಿಂತ ಹೆಚ್ಚು ಹಿಡಿಸುತ್ತದೆ.

25ರ ಬೆಳಿಗ್ಗೆ ಆತುರವಿಲ್ಲದೆ ಏಳಿ, ಹಿಂದಿನ ದಿನ ಎಲ್ಲರೂ ದಣಿದಿರುತ್ತೀರಿ. ಕಾರಂಜಿ ಕೆರೆಗೆ ಹೋಗಿ. ಜನ ಇರುತ್ತಾರೆ, ಆದರೆ ಕೆರೆ ದೊಡ್ಡದು, ಹರಡಿಕೊಳ್ಳುತ್ತಾರೆ. ಬಲೆ ಹೊದಿಸಿದ ದೊಡ್ಡ ಪಕ್ಷಿಧಾಮದೊಳಗೆ ನಾವೇ ನಡೆಯಬಹುದು, ನವಿಲು ಕಾಲಬುಡದಲ್ಲೇ ಹಾದುಹೋಗುತ್ತದೆ. ಅತ್ತೆಯವರು ಮರದ ನೆರಳಿನ ಬೆಂಚಿನ ಮೇಲೆ ಕೂರಲಿ. ಮಧ್ಯಾಹ್ನ ನಿದ್ದೆ, ಸಂಜೆ ಅರಮನೆ ದೀಪ. ಆ ಸಂಜೆಯ ಜನಜಂಗುಳಿ ಬೇಡವೆಂದರೆ ಶನಿವಾರಕ್ಕೆ ಹಾಕಿಕೊಳ್ಳಿ. ಉಳಿದುಕೊಳ್ಳಲು ನಜರ್‌ಬಾದ್ ಸುತ್ತಮುತ್ತ ನೋಡಿ. ಮೃಗಾಲಯ, ಕೆರೆ, ಅರಮನೆ ಮೂರೂ ಹತ್ತಿರ, ಬೆಳಗಿನ ದೋಸೆಗೆ ಮೈಲಾರಿ ಹೋಟೆಲೂ ಅಲ್ಲೇ. ಮಧ್ಯಾಹ್ನಕ್ಕೆ ಕೋಣೆಗೆ ಮರಳುವುದು ಹತ್ತು ನಿಮಿಷದ ಕೆಲಸವಾಗಬೇಕು, ಇಲ್ಲದಿದ್ದರೆ ನಿದ್ದೆಯ ಯೋಜನೆ ಕಾಗದದ ಮೇಲೇ ಉಳಿಯುತ್ತದೆ.

ಕ್ರಿಸ್ಮಸ್ ತಾತ ಚರ್ಚಿನೊಳಗೆ ಇರುವುದಿಲ್ಲ. ಅವನ ವ್ಯಾಪಾರವೆಲ್ಲ ಮಾಲುಗಳಲ್ಲಿ. ಆದರೆ ಮಗನಿಗೆ ಹಾಗೆ ಹೇಳಬೇಡಿ. ಹೊರಗೆ ಕೆಂಪು ಟೋಪಿ ಮಾರುವವರು ಸಾಲಾಗಿ ನಿಂತಿರುತ್ತಾರೆ, ಇಬ್ಬರಿಗೂ ಒಂದೊಂದು ಕೊಡಿಸಿ, ಚೌಕಾಸಿ ಮಾಡಿ.

ಇಟ್ಟಿಗೆಗೂಡು ನಿವಾಸಿ:

ಒಂದು ಮರೆತಿದ್ದೆ. ಮೃಗಾಲಯದ ಗೇಟಿನಲ್ಲಿ ಪ್ಲಾಸ್ಟಿಕ್ ಚೀಲ ತಪಾಸಣೆ ಮಾಡುತ್ತಾರೆ. ಮಕ್ಕಳ ತಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿ, ನೀರನ್ನು ಸ್ಟೀಲ್ ಬಾಟಲಿಯಲ್ಲಿ ತನ್ನಿ. ಬೆಳಿಗ್ಗೆ ಸ್ವೆಟರ್ ಬೇಕು, ಹತ್ತೂವರೆಗೆ ಅದನ್ನು ಹೊರುವವರು ಬೇಕು.