ಬಡಾವಣೆಯ ಉದ್ಯಾನದ ಜಾಗ ಕರಗುತ್ತಿದೆ: ದಾಖಲೆ ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು?

ಪ್ರಶ್ನೆ (ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು ದಕ್ಷಿಣ)

ಎಲ್ಲರಿಗೂ ನಮಸ್ಕಾರ. ನಮ್ಮದು ಗೃಹ ನಿರ್ಮಾಣ ಸಹಕಾರ ಸಂಘವೊಂದು ಸುಮಾರು ಮೂವತ್ತು ವರ್ಷಗಳ ಹಿಂದೆ ಮಾಡಿದ ಬಡಾವಣೆ. ಮಂಜೂರಾದ ನಕ್ಷೆಯಲ್ಲಿ 1 ಎಕರೆ 6 ಗುಂಟೆ ಜಾಗವನ್ನು ಉದ್ಯಾನವೆಂದು ತೋರಿಸಿದ್ದಾರೆ. ಅಲ್ಲಿ ನಾಲ್ಕು ಹೊಂಗೆ ಮರಗಳು, ಒಂದು ಬೇವಿನ ಮರ ಮತ್ತು ಮಕ್ಕಳು ಕ್ರಿಕೆಟ್ ಆಡಿ ಸವೆಸಿದ ನೆಲ ಬಿಟ್ಟರೆ ಬೇರೇನೂ ಇಲ್ಲ. ಪೂರ್ವದ ಮೂಲೆಯಲ್ಲಿದ್ದ ಬಾಂದುಕಲ್ಲು (ಗಡಿ ಗುರುತಿನ ಕಲ್ಲು) ಬೇಸಿಗೆಯಿಂದ ಕಾಣುತ್ತಿರಲಿಲ್ಲ. ಕಳೆದ ವಾರ ನೋಡಿದರೆ ಅದೇ ಕಲ್ಲು ಪಕ್ಕದ ಖಾಲಿ ನಿವೇಶನದ ಮುಂದೆ ಚರಂಡಿ ದಾಟುವ ಚಪ್ಪಡಿಯಾಗಿ ಬಿದ್ದಿದೆ. ಆ ಬದಿಯಲ್ಲಿ ಕಟ್ಟಡದ ಅವಶೇಷ ಸುರಿಯುತ್ತಿದ್ದಾರೆ, ತಗಡಿನ ಶೆಡ್ಡೂ ಎದ್ದಿದೆ.

ವಿಚಾರಿಸಲು ಹೋದ ಕಚೇರಿಯಲ್ಲಿ, ಜಾಗ ಇನ್ನೂ ತಮಗೆ ಹಸ್ತಾಂತರವಾಗಿಲ್ಲ, ನೀವೂ ಅದರ ಮಾಲೀಕರಲ್ಲ ಎಂದು ಹೇಳಿ ಕಳುಹಿಸಿದರು. ನಮ್ಮವರಲ್ಲೇ ಕೆಲವರು, ಒತ್ತುವರಿ ಆಗುವ ಮೊದಲು ಅಲ್ಲೊಂದು ಸಣ್ಣ ಗುಡಿಯನ್ನೋ ಸಮುದಾಯ ಭವನವನ್ನೋ ಕಟ್ಟಿಬಿಟ್ಟರೆ ಜಾಗ ಉಳಿಯುತ್ತದೆ ಎನ್ನುತ್ತಿದ್ದಾರೆ. ಅವರ ಕಾಳಜಿ ನಿಜವಾದದ್ದು, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ನಾವು ಮೊದಲು ಏನು ಮಾಡಬೇಕು?

ಉತ್ತರ 1 (ಭೂಮಾಪನ ಕೆಲಸದಿಂದ ನಿವೃತ್ತ)

ಕಾರ್ಯದರ್ಶಿಯವರೇ, ಆ ಕಲ್ಲನ್ನು ನೀವಾಗಿ ಎತ್ತಿ ಹಳೆಯ ಜಾಗದಲ್ಲಿ ನೆಡಬೇಡಿ. ಅದು ಈಗ ಬಿದ್ದಿರುವ ಸ್ಥಿತಿಯಲ್ಲೇ, ಹಿಂದಿನ ಮನೆ, ಕಂಬ, ಮರ ಕಾಣುವಂತೆ ದಿನಾಂಕದೊಂದಿಗೆ ಚಿತ್ರ ತೆಗೆದಿಡಿ. ಕಲ್ಲು ಹೋದರೂ ಗಡಿ ಹೋಗುವುದಿಲ್ಲ, ಏಕೆಂದರೆ ಗಡಿ ಇರುವುದು ಟಿಪ್ಪಣಿಯ, ಅಂದರೆ ಸರ್ವೆ ಮಾಡಿದಾಗ ಬರೆದಿಟ್ಟ ದಾಖಲೆಯ, ಅಳತೆಗಳಲ್ಲಿ. ಬಡಾವಣೆಯಾಗುವ ಮೊದಲು ಆ ನೆಲಕ್ಕೆ ಯಾವ ಸರ್ವೆ ನಂಬರ್ ಇತ್ತೆಂದು ಪತ್ತೆ ಮಾಡಿ, ಗ್ರಾಮ ನಕ್ಷೆ, ಮೂಲ ಟಿಪ್ಪಣಿ ಮತ್ತು ಆಕಾರ್‌ಬಂದ್‌ನ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ದೃಢೀಕೃತ ಪ್ರತಿಗಳನ್ನು ಪಡೆಯಿರಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಬಹುದು. ಅದು ದಾರಿ ತೋರಿಸುತ್ತದೆಯೇ ಹೊರತು ಸಾಕ್ಷ್ಯವಾಗುವುದಿಲ್ಲ. ಆ ಸರ್ವೆ ನಂಬರಿನಲ್ಲಿ ಬ ಖರಾಬು, ಅಂದರೆ ದಾರಿ, ಹಳ್ಳ, ಕಾಲುವೆಯಂತಹ ಸಾರ್ವಜನಿಕ ಬಳಕೆಯ ಭಾಗ ಇದೆಯೇ ಎಂದೂ ನೋಡಿ. ಇದ್ದರೆ ಅದರ ಅಳತೆಯೇ ಬೇರೆ, ಅದನ್ನು ಉದ್ಯಾನದ ಲೆಕ್ಕಕ್ಕೆ ಸೇರಿಸಬಾರದು.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಎಕರೆಗೆ 40 ಗುಂಟೆಯಂತೆ ನಿಮ್ಮ 46 ಗುಂಟೆಗೆ 50,094 ಚದರ ಅಡಿ ಬರಬೇಕು. ಒಂದು ಭಾನುವಾರ ನಾಲ್ಕು ಜನ ಟೇಪ್ ಹಿಡಿದು ಅಳೆದರೆ ಎಷ್ಟು ಕರಗಿದೆ ಎಂಬ ಅಂದಾಜು ಸಿಗುತ್ತದೆ. ಕಾನೂನಿನ ಅಳತೆಗೆ ಮಾತ್ರ ಹದ್ದುಬಸ್ತು, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಗುರುತಿಸುವ ಕೆಲಸ, ಆಗಲೇಬೇಕು, ಅದಕ್ಕೆ ಅರ್ಜಿಯನ್ನು ಜಾಗದ ಹೊಣೆ ಹೊತ್ತ ಸಂಸ್ಥೆಯಿಂದಲೇ ಹಾಕಿಸಿ.

ಉತ್ತರ 2 (ವಕೀಲೆ)

ಮಾಲೀಕರಲ್ಲದ ನಿವಾಸಿಗಳಿಗೆ ಕೇಳುವ ಹಕ್ಕಿಲ್ಲ ಎಂಬ ಮಾತು ತಪ್ಪು, ಮತ್ತು ಅದನ್ನು ತಪ್ಪೆಂದು ತೀರ್ಮಾನಿಸಿದ್ದು ಬೆಂಗಳೂರಿನದೇ ಪ್ರಕರಣದಲ್ಲಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣದ ತೀರ್ಪಿನಲ್ಲಿ, ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದು ಒಪ್ಪಿ, ಉದ್ಯಾನದ ಜಾಗವನ್ನು ಹಾಗೆ ಬದಲಾಯಿಸಿದ್ದು ಸಲ್ಲದು ಎಂದು ಹೇಳಿತು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯ 38ಎ ಕಲಂ ಉದ್ಯಾನ, ಆಟದ ಮೈದಾನಗಳ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡುವುದನ್ನು ತಡೆಯುತ್ತದೆ. ಇದರ ಜೊತೆಗೆ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆ ಇದೆ.

ನಿಮ್ಮ ಸಂದರ್ಭದಲ್ಲಿ ಬೇಕಾದ ಮುಖ್ಯ ಕಾಗದ ಪರಿತ್ಯಾಗ ಪತ್ರ. ಬಡಾವಣೆಗೆ ಮಂಜೂರಾತಿ ಪಡೆಯುವಾಗ ರಸ್ತೆ, ಉದ್ಯಾನಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟು ನೋಂದಾಯಿಸಿದ ಪತ್ರ ಅದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಆ ಪತ್ರ ಆಗಿದೆಯೇ ಎಂಬುದೂ, ನಡುವೆ ಯಾರಾದರೂ ಆ ಜಾಗಕ್ಕೆ ಕ್ರಯಪತ್ರ ಮಾಡಿಕೊಂಡಿದ್ದಾರೆಯೇ ಎಂಬುದೂ ಒಟ್ಟಿಗೆ ತಿಳಿಯುತ್ತದೆ. ಮಂಜೂರಾದ ನಕ್ಷೆ, ಹಸ್ತಾಂತರದ ಪತ್ರವ್ಯವಹಾರ ಮತ್ತು ಪಾಲಿಕೆಯ ಉದ್ಯಾನಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು.

ಗುಡಿ ಕಟ್ಟುವ ಮಾತನ್ನು ದಯವಿಟ್ಟು ಕೈಬಿಡಿ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಯಾವುದೇ ಧರ್ಮದ ಹೊಸ ಅನಧಿಕೃತ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ. ನೀವೇ ಕಟ್ಟಿದ ಮೇಲೆ ಪಕ್ಕದ ಶೆಡ್ಡನ್ನು ಒತ್ತುವರಿ ಎನ್ನಲು ನಿಮಗೆ ಬಾಯಿ ಬರುವುದಿಲ್ಲ. ಸಮುದಾಯ ಭವನ ಬೇಕೆಂದಾದರೆ ನಕ್ಷೆಯಲ್ಲಿ ಬೇರೆ ಸಿಎ (ನಾಗರಿಕ ಸೌಲಭ್ಯ) ನಿವೇಶನ ಇದೆಯೇ ನೋಡಿ. ಅದಕ್ಕೆಂದೇ ಇರುವ ಜಾಗ ಅದು.

ಉತ್ತರ 3 (ಬೇರೊಂದು ಬಡಾವಣೆಯ ನಿವಾಸಿ)

ಕಾಗದದ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಜಾಗ ಖಾಲಿ ಬಿದ್ದಿರಬಾರದು. ನಮ್ಮಲ್ಲಿ ಮೊದಲು ಗೇಟಿಗೆ ಬೀಗ ಹಾಕಿ ರಕ್ಷಿಸಿದೆವೆಂದುಕೊಂಡಿದ್ದೆವು. ಜನ ಬರುವುದು ನಿಂತಿತು, ಹಿಂಬದಿಯಲ್ಲಿ ಅವಶೇಷದ ರಾಶಿ ಬೆಳೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬೀಗ ತೆಗೆದು, ಸಂಜೆ ಹುಡುಗರಿಗೆ ಆಡಲು ಬಿಟ್ಟು, ಹಿರಿಯರು ಕೂರಲು ಮರದ ಕೆಳಗೆ ಎರಡು ಕಲ್ಲುಬೆಂಚು ಹಾಕಿಸಿದ ಮೇಲೆ ಟ್ರ್ಯಾಕ್ಟರ್ ಬಂದ ಕೂಡಲೇ ಹತ್ತು ಜನ ಎದ್ದು ಹೋಗಿ ಕೇಳುವಂತಾಯಿತು.

ಹುಲ್ಲುಹಾಸು, ಕಾರಂಜಿಗಳ ಆಸೆ ಬೇಡ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಒಣಗಿದ್ದು ಹುಲ್ಲುಹಾಸು. ಹೊಂಗೆಗೆ ಏನೂ ಆಗಲಿಲ್ಲ. ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ, ಅಂದರೆ ಒಂದು ಎಕರೆ ಬಯಲಿನ ಮೇಲೆ ಹತ್ತಿರ ಹತ್ತಿರ 39 ಲಕ್ಷ ಲೀಟರ್. ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿದರೆ ಅದು ಚರಂಡಿ ಪಾಲು. ತಗ್ಗಿನ ಕಡೆ ಮಳೆನೀರು ನೆಲಕ್ಕೆ ಇಂಗುವಂತೆ ಒಂದೆರಡು ಇಂಗುಬಾವಿ ತೋಡಿಸಲು ಒಪ್ಪಿಗೆ ಕೇಳಿ. ಕಬ್ಬನ್ ಪಾರ್ಕ್‌ನಲ್ಲಿ ಸಾಂಪ್ರದಾಯಿಕವಾಗಿ ಬಾವಿ ತೋಡುವ ಮಣ್ಣುವಡ್ಡರು ತೋಡಿದ ಇಂಗುಬಾವಿಗಳನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಮರದ ಕೊಂಬೆ ಕಡಿಯಬೇಕಾದರೂ ವೃಕ್ಷಾಧಿಕಾರಿಗಳ ಅನುಮತಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಿನ್ನೆ ಟೇಪ್ ಹಿಡಿದು ಅಳೆದೆವು. 50,094ರ ಬದಲು ಸುಮಾರು 46,800 ಚದರ ಅಡಿ ಸಿಕ್ಕಿತು, ಅಂದರೆ ಮೂರು ಗುಂಟೆ ಕಡಿಮೆ. ಕಲ್ಲಿನ ಚಿತ್ರಗಳನ್ನು ತೆಗೆದಿದ್ದೇವೆ. ನಕ್ಷೆಯಲ್ಲಿ ಸಿಎ ನಿವೇಶನವೂ ಇದೆ, ಆದ್ದರಿಂದ ಭವನದ ಚರ್ಚೆಯನ್ನು ಅಲ್ಲಿಗೆ ತಿರುಗಿಸಿದ್ದೇನೆ. ಋಣಭಾರ ಪ್ರಮಾಣಪತ್ರವನ್ನು ಬಡಾವಣೆಯಾದ ವರ್ಷದಿಂದ ಕೇಳಬೇಕೋ, ಅದಕ್ಕೂ ಹಿಂದಿನಿಂದ ಕೇಳಬೇಕೋ ಎಂದು ವಕೀಲರು ತಿಳಿಸಿದರೆ ಸೋಮವಾರವೇ ಅರ್ಜಿ ಹಾಕುತ್ತೇನೆ.

ಉತ್ತರ 2 (ವಕೀಲೆ)

ಸಹಕಾರ ಸಂಘವು ಆ ಜಮೀನನ್ನು ಪಡೆದ ವರ್ಷಕ್ಕಿಂತ ಒಂದೆರಡು ವರ್ಷ ಹಿಂದಿನಿಂದ ಕೇಳಿ. ಉದ್ಯಾನದ ಜಾಗದ ಜೊತೆಗೆ, ಕಲ್ಲು ಬಿದ್ದಿರುವ ಆ ಪಕ್ಕದ ನಿವೇಶನಕ್ಕೂ ಒಂದು ತೆಗೆಸಿ, ಅದರ ಚಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ) ನಿಮ್ಮ ಕಡೆಗೆ ‘ಉದ್ಯಾನ’ ಎಂದು ಬರೆದಿದೆಯೇ ನೋಡಿ.