ನರ್ಸಿಂಗ್ ಶಿಕ್ಷಣಕ್ಕೆ ಸರ್ಕಾರದ ಹಣ ಬಂದರೆ ಮೊದಲು ಎಲ್ಲಿಗೆ ಹಾಕಬೇಕು? ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಹೇಳಿ

ಹೆರಿಗೆ ವಾರ್ಡಿನ ಅಕ್ಕ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ನಮ್ಮ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ, ಜಿಲ್ಲೆಗೊಂದು ಸರ್ಕಾರಿ ನರ್ಸಿಂಗ್ ಕಾಲೇಜು ಬೇಕೆಂದು ಬಜೆಟ್‌ಗೆ ಮೊದಲೇ ಮನವಿ ಕೊಡೋಣ ಎಂಬ ಮಾತು ಬಂತು. ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತರೆ, ಕಾಲೇಜು ಕೊಡಿ ಎಂದಷ್ಟೇ ಕೇಳಿ ಸಹಿ ಹಾಕಲು ಮನಸ್ಸು ಬರುತ್ತಿಲ್ಲ.

ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ಘೋಷಿಸಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸಚಿವ ಸಂಪುಟ ಒಪ್ಪಿದ ಮೊತ್ತ 1,570 ಕೋಟಿ ರೂಪಾಯಿ, ಅಂದರೆ ಕಾಲೇಜಿಗೆ ಹತ್ತು ಕೋಟಿ. ವರ್ಷಕ್ಕೆ ಸುಮಾರು 15,700 ಪದವೀಧರರು ಹೊರಬರುತ್ತಾರೆ ಎಂಬುದು ಲೆಕ್ಕ. ಆದರೆ 2014ರಿಂದ ಈಚೆಗೆ ಆರಂಭವಾದ ವೈದ್ಯಕೀಯ ಕಾಲೇಜುಗಳ ಜೊತೆಗೇ ಅವು ಬರಬೇಕೆಂಬುದು ಯೋಜನೆಯ ಷರತ್ತು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ 2005ರದು. ನಮ್ಮಲ್ಲಿ, ವಿಜಯಪುರದಲ್ಲಿ ಆ ಅವಧಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. ಹಾಗಾಗಿ ಮೂರೂ ಜಿಲ್ಲೆಗಳು ಹೊರಗುಳಿದವು. ಈಗ ನಾವು ಕೇಳುವುದು ನ್ಯಾಯವೇ. ಏನನ್ನು ಕೇಳಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ವಾರ್ಡಿಗೆ ಹಲವು ಕಾಲೇಜುಗಳ ವಿದ್ಯಾರ್ಥಿನಿಯರು ಬರುತ್ತಾರೆ. ಒಂದು ಮಂಚದ ಸುತ್ತ ಹತ್ತು ಹನ್ನೆರಡು ಜನ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಜಡೆ ಮಾತ್ರ. ಜೊತೆಗೆ ಬರಬೇಕಾದ ಬೋಧಕಿ ಎಷ್ಟೋ ದಿನ ಬಂದಿರುವುದೇ ಇಲ್ಲ. ಮಧ್ಯಾಹ್ನ ಹೊರಡುವಾಗ ಪುಸ್ತಕಕ್ಕೆ ನನ್ನ ಸಹಿ ಬೇಕು: ಇಷ್ಟು ಹೆರಿಗೆ ನೋಡಿದೆ, ಇಷ್ಟರಲ್ಲಿ ಕೈ ಹಚ್ಚಿದೆ ಎಂದು. ನೋಡದಿದ್ದವರಿಗೆ ನಾನು ಸಹಿ ಹಾಕುವುದಿಲ್ಲ. ಅದಕ್ಕೆ ನನ್ನ ಮೇಲೆ ಸಿಟ್ಟಾದವರೂ ಇದ್ದಾರೆ.

ಕಳೆದ ವರ್ಷ ಗುತ್ತಿಗೆಯ ಮೇಲೆ ಒಬ್ಬ ಹುಡುಗಿ ಬಂದಳು. ಅವಳು ತುಂಬಿದ ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಹಾಳೆ, ಕೈಗೆ ತೆಗೆದುಕೊಂಡೆ. ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಲ್ಲಿಂದ ಆ ಹಾಳೆಯಲ್ಲಿ ಗುರುತು ಹಾಕುತ್ತ ಹೋಗಬೇಕು, ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಎಣಿಸಿ ಚುಕ್ಕೆ ಇಡಬೇಕು. ಅವಳ ಹಾಳೆಯಲ್ಲಿ 140, 140, 140. ಚುಕ್ಕೆಗಳೆಲ್ಲ ಒಂದೇ ಗಾತ್ರ, ಶಾಯಿ ಒಂದೇ ದಪ್ಪ. ಹೆರಿಗೆ ಆದ ಮೇಲೆ ಕುಳಿತು ತುಂಬಿದ್ದು ಸ್ಪಷ್ಟವಾಗಿತ್ತು. ಕೇಳಿದರೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಕಾಲೇಜಿನಲ್ಲಿ ಅದನ್ನು ಪರೀಕ್ಷೆಗೆ ಬಿಡಿಸುವ ಚಿತ್ರವೆಂದೇ ಕಲಿತಿದ್ದಳಂತೆ. ಗುರುತು ಎಚ್ಚರಿಕೆಯ ಗೆರೆ ದಾಟಿತೆಂದರೆ ವೈದ್ಯರನ್ನು ಎಬ್ಬಿಸಬೇಕು, ಆಂಬುಲೆನ್ಸ್‌ಗೆ ಹೇಳಿಡಬೇಕು, ತಡಮಾಡದೆ ಕ್ರಮ ಕೈಗೊಳ್ಳಬೇಕಾದ ಮುಂದಿನ ಗೆರೆಗೆ ಇರುವುದು ನಾಲ್ಕೇ ತಾಸು ಎಂದು ಯಾರೂ ಅವಳ ಪಕ್ಕ ನಿಂತು ಹೇಳಿರಲಿಲ್ಲ. ರಾತ್ರಿ ಪಾಳಿಯಲ್ಲಿ ಜೊತೆಗೆ ಕೂರಿಸಿಕೊಂಡು ಕಲಿಸಿದೆ. ಚುರುಕು ಹುಡುಗಿ, ಬೇಗ ಹಿಡಿದಳು. ತಾಯಂದಿರು ಅವಳ ಹೆಸರು ಹಿಡಿದು ಕರೆಯುವಷ್ಟಾದಳು. ಈಗ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟಿದ್ದಾಳೆ.

ಕಲಿಸುವವರಿಲ್ಲದೆ ಬರುತ್ತಾರೆ, ಕಲಿತ ಮೇಲೆ ನಿಲ್ಲುವುದಿಲ್ಲ. ಈ ಎರಡಕ್ಕೂ ಹತ್ತು ಕೋಟಿಯ ಕಟ್ಟಡ ಏನು ಮಾಡೀತು? ಬೋಧಿಸುವವರು, ಓದುತ್ತಿರುವವರು, ಕೆಲಸ ಬಿಟ್ಟು ಹೋದವರು, ಮಕ್ಕಳನ್ನು ಕಳಿಸಬೇಕೆಂದಿರುವ ತಂದೆ ತಾಯಿ, ಎಲ್ಲರೂ ನಿಮ್ಮ ಅನುಭವ ಬರೆಯಿರಿ.

ಡೋಣಿ ದಂಡೆ (ವಿಜಯಪುರ)

ಅಕ್ಕಾವರೇ, ನಾನು ನರ್ಸಿಂಗ್ ಬೋಧಕ. ನೀವು ಹೇಳಿದ ಬಾರದ ಬೋಧಕರ ಕಡೆಯವನು ನಾನು. ಹಾಗಾಗಿ ನಮ್ಮ ಕಡೆಯ ಸಂಗತಿ ಬರೆಯುತ್ತೇನೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಸಿಗಬೇಕು. ನಾನು ಹಿಂದೆ ಇದ್ದ ಕಾಲೇಜಿನಲ್ಲಿ ತಪಾಸಣೆಯ ದಿನ ಈ ಲೆಕ್ಕ ತಪ್ಪದೆ ಸರಿಹೋಗುತ್ತಿತ್ತು. ಮರುದಿನ ಅದೇ ನಾವು ನಾಲ್ಕೈದು ಜನ. ಬೆಳಿಗ್ಗೆ ಎರಡು ತರಗತಿ ಮುಗಿಸಿ ವಾರ್ಡಿಗೆ ಹೊರಡಬೇಕೆಂದರೆ ಪ್ರವೇಶದ ಕಾಗದಪತ್ರ, ವಿಶ್ವವಿದ್ಯಾಲಯಕ್ಕೆ ಕಳಿಸುವ ಅಂಕ, ಎಲ್ಲವೂ ನಮ್ಮ ಮೇಜಿನ ಮೇಲೆಯೇ. ಎಂ.ಎಸ್ಸಿ. ನರ್ಸಿಂಗ್ ಮಾಡಿದವನು ಬೋಧನೆಗೆ ಬಂದರೆ ಸರ್ಕಾರಿ ಆಸ್ಪತ್ರೆಯ ಕಾಯಂ ಶುಶ್ರೂಷಾಧಿಕಾರಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ ದುಡಿಯಬೇಕು. ಒಳ್ಳೆಯವರು ಯಾಕೆ ಉಳಿಯುತ್ತಾರೆ?

ಅಮೆರಿಕದಲ್ಲಿ ಇದಕ್ಕೆಂದೇ ಸರ್ಕಾರದ ಸಾಲದ ಯೋಜನೆ ಇದೆ. ನರ್ಸಿಂಗ್ ಬೋಧಕರಾಗಲು ಓದುವವರಿಗೆ ಅದರಲ್ಲಿ ಸಾಲ ಸಿಗುತ್ತದೆ. ಓದು ಮುಗಿಸಿ ನಾಲ್ಕು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದರೆ ಶೇಕಡಾ 85ರವರೆಗೆ ಸಾಲ ಮನ್ನಾ. ಬೋಧಕರಿಲ್ಲದೆ ಸೀಟು ಹೆಚ್ಚಿಸಿ ಫಲವಿಲ್ಲ ಎಂದು ತಿಳಿದ ಮೇಲೆ ಮಾಡಿದ ಏರ್ಪಾಡು ಅದು. ನಮ್ಮಲ್ಲಿಯೂ ಆಗಲಾರದ್ದೇನಲ್ಲ.

ಇನ್ನೊಂದು ಮಾತು. ಸಿಂದಗಿಯಿಂದಾಚೆ, ತಾಳಿಕೋಟೆಯಿಂದಾಚೆ ಗಡಿ ದಾಟಿದರೆ ಕಲ್ಯಾಣ ಕರ್ನಾಟಕ. ಅವರಿಗೆ 371ಜೆ ವಿಧಿಯ ಮೀಸಲಾತಿ ಇದೆ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇದೆ. ಅವರಿಗೆ ಸಿಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರದ ನೆಲ ಗಡಿ ನೋಡಿ ಬದಲಾಗುವುದಿಲ್ಲ. ನಮಗೆ ಆ ಬಾಗಿಲು ಇಲ್ಲವಾದ್ದರಿಂದ ರಾಜ್ಯ ಬಜೆಟ್‌ನಿಂದಲೇ ಬರಬೇಕು ಎಂದು ಮನವಿಯಲ್ಲಿ ಬರೆಯಿರಿ.

ಕೃಷ್ಣೆಯ ಮಗಳು (ಅಥಣಿ, ಈಗ ಬೆಂಗಳೂರು)

ಅಕ್ಕಾ, ಬಿಟ್ಟು ಬಂದವಳು ನಾನು. ಹಣಕ್ಕಾಗಿಯೇ ಬಂದೆ ಎಂದು ಊರಲ್ಲಿ ಹೇಳುತ್ತಾರೆ, ಅದು ಅರ್ಧ ನಿಜ.

ಓದು ಮುಗಿದ ಮೇಲೆ ಮೊದಲು ಒಂದು ಸಣ್ಣ ನರ್ಸಿಂಗ್ ಹೋಮ್ ಸೇರಿದೆ. ತಿಂಗಳಿಗೆ ಒಂಬತ್ತು ಸಾವಿರ. ಸೇರುವಾಗಲೇ ಮೂಲ ಅಂಕಪಟ್ಟಿ ತೆಗೆದಿಟ್ಟುಕೊಂಡರು. ಬಿಡುವಾಗ ಅಪ್ಪ ಬಂದು ಗಂಟೆಗಟ್ಟಲೆ ಕುಳಿತ ಮೇಲೆ ವಾಪಸ್ ಕೊಟ್ಟರು. ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು ಎಂದು ಹೇಳಿತ್ತು. ಇದು ನನಗೆ ತಿಳಿದದ್ದು ಕೆಲಸ ಬಿಟ್ಟ ಎಷ್ಟೋ ದಿನಗಳ ಮೇಲೆ. ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಇದನ್ನೊಂದು ಪಾಠ ಮಾಡಿ ಹೇಳಬೇಕು.

ಆಮೇಲೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಸೇರಿದ ವಾರವೇ ರಾತ್ರಿ ಪಾಳಿ, ವಾರ್ಡಿಗೆ ನಾನೊಬ್ಬಳೇ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂದು ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಇಡೀ ಸಾಲು ನನ್ನದು. ನಸುಕಿನಲ್ಲಿ ಒಬ್ಬ ಅಜ್ಜನಿಗೆ ಉಸಿರು ಕಟ್ಟಿತು. ಆಮ್ಲಜನಕದ ಸಿಲಿಂಡರ್ ತಿರುಗಿಸುವ ಕೀಲಿ ಎಲ್ಲಿಟ್ಟಿದ್ದಾರೆಂದು ನನಗೆ ಯಾರೂ ತೋರಿಸಿರಲಿಲ್ಲ. ಆಯಾ ಎದ್ದು ಬಂದು ಕಿಟಕಿಯ ಸಂದಿಯಿಂದ ತೆಗೆದುಕೊಟ್ಟಳು. ಅಜ್ಜ ಉಳಿದರು. ಆದರೆ ನನಗೆ ಆ ಕೆಲಸದ ಮೇಲಿನ ಧೈರ್ಯ ಹೋಯಿತು. ಪ್ರತಿ ವರ್ಷ ಮಾರ್ಚ್ ಬಂದರೆ ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ.

ಇಲ್ಲಿ ಬೆಂಗಳೂರಿನಲ್ಲಿ ಬಾಡಿಗೆ, ಊಟ ಕಳೆದರೆ ಕೈಗೆ ಉಳಿಯುವುದು ಅಲ್ಲಿಗಿಂತ ಬಹಳ ಹೆಚ್ಚಿಲ್ಲ. ಆದರೆ ಮೊದಲ ಕೆಲವು ವಾರ ಹಿರಿಯ ಸಿಸ್ಟರ್ ಒಬ್ಬರ ಜೊತೆಗೇ ನನ್ನನ್ನು ಹಾಕಿದ್ದರು. ಅವರ ಪಾಳಿಯೇ ನನ್ನ ಪಾಳಿ. ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಅಷ್ಟು ಸಿಕ್ಕಿದ್ದರೆ ನಾನು ಊರು ಬಿಡುತ್ತಿರಲಿಲ್ಲ.

ಕಬ್ಬಿನ ಹೊಲ (ಮುಧೋಳ ತಾಲ್ಲೂಕು)

ಸಿಸ್ಟರ್ ಅವರೇ, ನಮಸ್ಕಾರ. ನನ್ನ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಬಿ.ಎಸ್ಸಿ. ನರ್ಸಿಂಗ್ ಎನ್ನುತ್ತಿದ್ದಾಳೆ. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಸರಿ, ಸಿಗದಿದ್ದರೆ ನಾಲ್ಕು ವರ್ಷದ ಶುಲ್ಕ ನಮಗೆ ದೊಡ್ಡ ಮೊತ್ತ. ರೈತರ ಮಕ್ಕಳಿಗೆಂದು 2021ರಲ್ಲಿ ವಿದ್ಯಾನಿಧಿ ಘೋಷಿಸಿದಾಗ ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 8,000 ರೂಪಾಯಿ ಎಂದಿದ್ದರು. ಸಹಾಯವೇ, ಇಲ್ಲವೆನ್ನುವುದಿಲ್ಲ. ಆದರೆ ಕಾಲೇಜಿನವರು ಶುಲ್ಕ ಕೇಳುವ ಹೊತ್ತಿಗೆ ಕಬ್ಬಿನ ಬಿಲ್ಲು ಬಂದಿರುವುದಿಲ್ಲ, ವಿದ್ಯಾರ್ಥಿವೇತನವೂ ಬಂದಿರುವುದಿಲ್ಲ. ಆಗ ಬಡ್ಡಿ ಸಾಲವೇ ಗತಿ.

ನನ್ನ ಪ್ರಶ್ನೆ ಇದು. ಡಾಕ್ಟರ್ ಓದಿದವರಿಗೆ ಕರ್ನಾಟಕದಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾನೂನು ಮಾಡಿದ್ದರು. ನರ್ಸ್‌ಗಳಿಗೂ ಹಾಗೆ ಮಾಡಲಿ. ಸರ್ಕಾರ ಶುಲ್ಕ ಕಟ್ಟಲಿ, ನನ್ನ ಮಗಳು ಇದೇ ಜಿಲ್ಲೆಯಲ್ಲಿ ಐದು ವರ್ಷ ದುಡಿಯುತ್ತಾಳೆ. ನಾನು ಇವತ್ತೇ ಬರೆದುಕೊಡುತ್ತೇನೆ. ಜೊತೆಗೆ ಆಸ್ಪತ್ರೆಯ ಆವರಣದಲ್ಲೇ ವಸತಿ ಬೇಕು. ರಾತ್ರಿ ಪಾಳಿ ಮುಗಿಸಿ ಹೆಣ್ಣುಮಗಳು ಬಸ್ ನಿಲ್ದಾಣದಲ್ಲಿ ನಿಲ್ಲುವುದು ನಮಗೆ ಒಗ್ಗುವುದಿಲ್ಲ.

ಮಲಪ್ರಭಾ (ಸವದತ್ತಿ)

ಅಣ್ಣಾವರೇ, ಮಗಳ ಐದು ವರ್ಷವನ್ನು ನೀವು ಬರೆದುಕೊಡಬೇಡಿ. ನನ್ನ ತಂಗಿ ಜರ್ಮನಿಯಲ್ಲಿ ನರ್ಸ್. ಅವಳ ದುಡಿಮೆಯಿಂದ ನಮ್ಮ ಹೊಲದ ಸಾಲ ತೀರಿತು. 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳ ಕೊರತೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಷ್ಟು ಬೇಡಿಕೆ ಇರುವ ವಿದ್ಯೆ ಕಲಿತ ಹುಡುಗಿಯರನ್ನು ಕಾಗದದಿಂದ ಕಟ್ಟಿಹಾಕುವುದು ಅನ್ಯಾಯ. ಒಳ್ಳೆಯ ಸಂಬಳ ಕೊಡಲಿ, ಉಳಿಯುವವರು ಉಳಿಯುತ್ತಾರೆ.

ಹೆರಿಗೆ ವಾರ್ಡಿನ ಅಕ್ಕ (ಬಾಗಲಕೋಟೆ ಜಿಲ್ಲೆ)

ಎಲ್ಲರೂ ಮನಸ್ಸಿಟ್ಟು ಬರೆದಿದ್ದೀರಿ. ಮನವಿಯ ಅರ್ಧಭಾಗ ಇಲ್ಲೇ ಸಿದ್ಧವಾಯಿತು.

ಕಬ್ಬಿನ ಹೊಲದ ಅಣ್ಣಾವರೇ, ಕಡ್ಡಾಯ ಸೇವೆಗೆ ನನ್ನ ಒಪ್ಪಿಗೆ ಇಲ್ಲ. ಮನಸ್ಸಿಲ್ಲದ ಕೈ ಹೆರಿಗೆ ಕೋಣೆಯಲ್ಲಿ ಇರಬಾರದು. ಮಲಪ್ರಭಾ ಅವರ ಮಾತಿಗೆ ನಾನು ಹತ್ತಿರ. ಆದರೆ ಸಾಲ ತೀರಿಸುವ ದಾರಿ ಬೇರೆಯದು. ಡೋಣಿ ದಂಡೆಯವರು ಬೋಧಕರ ಯೋಜನೆ ಹೇಳಿದರಲ್ಲ, ಅದೇ ದೇಶದಲ್ಲಿ ನರ್ಸ್ ಕೋರ್ ಎಂಬುದೊಂದಿದೆ. ನರ್ಸ್‌ಗಳ ತೀವ್ರ ಕೊರತೆ ಇರುವ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಓದಿನ ಸಾಲದ ಶೇಕಡಾ 60ನ್ನು ಸರ್ಕಾರ ತೀರಿಸುತ್ತದೆ, ಅರ್ಹರಾದವರು ಮೂರನೆಯ ವರ್ಷವೂ ನಿಂತರೆ ಇನ್ನೂ 25. ಓದು ಮುಗಿದ ಮೇಲೆ, ತಿಳಿವಳಿಕೆ ಬಂದ ಮೇಲೆ, ಅವಳೇ ಆರಿಸಿಕೊಳ್ಳುತ್ತಾಳೆ. ಹದಿನೇಳು ವರ್ಷದ ಮಗಳ ಪರವಾಗಿ ಅಪ್ಪ ಸಹಿ ಹಾಕುವ ಪ್ರಸಂಗವೇ ಇಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇಂಥದ್ದು ಬೇಕೆಂದು ಬರೆಯುತ್ತೇನೆ. ಶುಲ್ಕದ ನೆರವು ಶುಲ್ಕ ಕಟ್ಟುವ ತಿಂಗಳಲ್ಲೇ ಬರಬೇಕೆಂಬ ನಿಮ್ಮ ಮಾತನ್ನೂ ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ನೆರವನ್ನು 2017ರಲ್ಲಿ ನಿಲ್ಲಿಸಿದರು. ಅರ್ಜಿಗಳು ಇಳಿದವು. 2020ರಲ್ಲಿ ವರ್ಷಕ್ಕೆ ಕನಿಷ್ಠ 5,000 ಪೌಂಡ್ ಎಂದು ಮತ್ತೆ ಕೊಡಬೇಕಾಯಿತು. ಶ್ರೀಮಂತ ದೇಶಕ್ಕೇ ತಡೆಯದ್ದು ಮುಧೋಳದ ರೈತನಿಗೆ ತಡೆದೀತೇ?

ಅಥಣಿಯ ತಂಗೀ, ನಿನ್ನ ಸಿಲಿಂಡರ್ ಕೀಲಿಯ ಸಂಗತಿ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ವಾರ್ಡಿನ ಕೀಲಿಗೆ ದಾರ ಕಟ್ಟಿ ಸಿಲಿಂಡರ್‌ಗೇ ತೂಗುಹಾಕಿಸಿದ್ದೇನೆ. ಮನವಿಯ ಮೊದಲ ಬೇಡಿಕೆ ನಿನ್ನದೇ ಇರಲಿದೆ: ಹೊಸದಾಗಿ ಸೇರಿದವರನ್ನು ಆರಂಭದ ವಾರಗಳಲ್ಲಿ ಒಂಟಿಯಾಗಿ ಪಾಳಿಗೆ ಹಾಕಬಾರದು, ಅವರಿಗೆ ಕಲಿಸುವ ಹಿರಿಯ ನರ್ಸ್‌ಗೆ ಭತ್ಯೆ ಕೊಡಬೇಕು, ಅವರ ಉಳಿದ ಕೆಲಸ ತಗ್ಗಿಸಬೇಕು. ಎರಡನೆಯದು ಬೋಧಕರ ಕಾಯಂ ಹುದ್ದೆ, ವಾರ್ಡಿನಲ್ಲಿ ನಿಂತು ಕಲಿಸುವುದೇ ಅವರ ಕೆಲಸ ಎಂಬ ಷರತ್ತಿನೊಂದಿಗೆ. ಕಾಲೇಜಿನ ಕಟ್ಟಡ ಆಮೇಲೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ಗುತ್ತಿಗೆಯವರ ವಿಷಯ ಎತ್ತಿದಾಗ ಇವರು ಅವರನ್ನು, ಅವರು ಇವರನ್ನು ತೋರಿಸುತ್ತಾರೆ. ಆದ್ದರಿಂದ ಮನವಿಯ ಒಂದು ಪ್ರತಿ ಸಂಸದರಿಗೂ ಹೋಗಬೇಕು ಎಂದು ಸಮಿತಿಯಲ್ಲಿ ಹೇಳುತ್ತೇನೆ.

ಕರಡನ್ನು ಈ ಭಾನುವಾರ ಇಲ್ಲೇ ಹಾಕುತ್ತೇನೆ. ಡೋಣಿ ದಂಡೆಯವರೇ, ವಾರ್ಡಿನ ಬೋಧಕರ ಕೆಲಸವನ್ನು ಒಂದು ಪುಟದಲ್ಲಿ ಬರೆದುಕೊಡಿ: ದಿನಕ್ಕೆ ಎಷ್ಟು ತಾಸು ವಾರ್ಡಿನಲ್ಲಿ, ಎಷ್ಟು ವಿದ್ಯಾರ್ಥಿಗಳ ಜೊತೆ, ಪುಸ್ತಕಕ್ಕೆ ಯಾರು ಸಹಿ ಹಾಕಬೇಕು. ಅದು ನಿಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಡೋಣಿ ದಂಡೆ (ವಿಜಯಪುರ)

ಆಗಲಿ ಅಕ್ಕಾವರೇ, ಶನಿವಾರದೊಳಗೆ ಕಳಿಸುತ್ತೇನೆ. ಸಹಿ ವಾರ್ಡಿನ ಸಿಸ್ಟರ್ ಮತ್ತು ಬೋಧಕ ಇಬ್ಬರದೂ ಇರಬೇಕು ಎಂದೇ ಬರೆಯುತ್ತೇನೆ.